ಅಮ್ಮನ ಎದೆಯ ಟಿಕ್ ಟಿಕ್

ರಾತ್ರಿ ಮನೆ ನಿಶ್ಶಬ್ದವಾದರೆ ಅಮ್ಮನ ಎದೆಯ ಟಿಕ್ ಟಿಕ್ ನಮ್ಮ ಹಾಸಿಗೆಯವರೆಗೂ ಕೇಳಿಸುತ್ತದೆ. ಹಾಸನದಿಂದ ಚೆನ್ನೈಗೆ ಕರೆತಂದು ನಾವು ಹಾಕಿಸಿದ್ದು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡ ಹೃದಯ ಕವಾಟ. ಡಾ. ವಲಿಯತ್ತಾನ್ ಅವರ ತಂಡದ ಮೊದಲ ಮೂರು ಮಾದರಿಗಳು ಕೈಕೊಟ್ಟವು. ನಾಲ್ಕನೆಯದು 1990ರ ಡಿಸೆಂಬರಿನಲ್ಲಿ ಮೊದಲ ರೋಗಿಯ ಎದೆ ಸೇರಿತು.

ಇಂಥ ವಸ್ತುಗಳ ಪರೀಕ್ಷೆಯೇ ನಮ್ಮ ತಂಗಿಯ ಮಗಳ ಕೆಲಸ. ಲೋಹದ್ದೋ ಪ್ಲಾಸ್ಟಿಕ್ಕಿನದೋ ತುಣುಕನ್ನು ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾದಲ್ಲಿ 37 ಡಿಗ್ರಿ ಶಾಖದಲ್ಲಿಟ್ಟು, ತೊಳೆದು, ಅಂಟಿಕೊಂಡ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾಳೆ. ದುಂಡಗೆ ಕುಳಿತಿದ್ದರೆ ವಾಸಿ. ಕಾಲು ಚಾಚಿ ಹರಡಿದ್ದರೆ ಹೆಪ್ಪುಗಟ್ಟುವ ಸೂಚನೆ. ತೊಳೆಯುವ ಕೈ ತುಸು ಜೋರಾದರೂ ಲೆಕ್ಕ ಸುಳ್ಳು! ದೋಸೆ ಕಾವಲಿಯ ಹಾಗೆಯೋ ಎಂದರೆ ನಕ್ಕಳು.

"ರಕ್ತ ಸ್ವಲ್ಪವೂ ಅಂಟದ ವಸ್ತು ಇನ್ನೂ ಸಿಕ್ಕಿಲ್ಲ ಮಾವ. ಅದಕ್ಕೇ ಅಜ್ಜಿಗೆ ದಿನಾ ಮಾತ್ರೆ."

ಕಳೆದ ದೀಪಾವಳಿಯ ಗಡಿಬಿಡಿಯಲ್ಲಿ ಆ ಮಾತ್ರೆ ಮೂರು ದಿನ ತಪ್ಪಿತು. ತಪ್ಪು ನಮ್ಮದೇ. ನಾಲ್ಕನೆಯ ರಾತ್ರಿ ಟಿಕ್ ಟಿಕ್ ಮಂದವಾದಂತೆ ತೋರಿ, ಉಟ್ಟ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿದೆವು. ಕವಾಟ ಸರಿಯಾಗಿಯೇ ಇತ್ತು. ರಕ್ತ ಮಾತ್ರ ಬೇಗ ಹೆಪ್ಪುಗಟ್ಟುವ ಮಟ್ಟಕ್ಕೆ ಬಂದಿತ್ತು.

ಈಗ ಮಾತ್ರೆಯ ಡಬ್ಬಿ ದೇವರ ಗೂಡಿನಲ್ಲಿದೆ. ಸಂಜೆ ದೀಪ ಹಚ್ಚಿದೊಡನೆ ಅಮ್ಮನೇ ಕೈ ಚಾಚುತ್ತಾರೆ.