ಕರ್ತೃವೆಲ್ಲಿ?

ಇಂಗ್ಲಿಷು ವ್ಯಾಕರಣವನ್ನು ಕಲಿಯುವ ನಮ್ಮ ಮಕ್ಕಳಿಗೆ ಒದಗುವ ಅಭ್ಯಾಸಗಳಲ್ಲಿ ಕರ್ತರಿ ವಾಕ್ಯವನ್ನು ಕರ್ಮಣಿಗೆ ತಿರುಗಿಸುವುದರಷ್ಟು ಯಂತ್ರದಂತೆ ನಡೆಯುವುದು ಮತ್ತೊಂದಿಲ್ಲ. ‘ರಾಮಾ ಕಿಲ್ಡ್ ಎ ಸ್ನೇಕ್’ ಎಂಬುದು ‘ಎ ಸ್ನೇಕ್ ವಾಸ್ ಕಿಲ್ಡ್ ಬೈ ರಾಮಾ’ ಎಂದಾಗುತ್ತದೆ. ಕರ್ಮವು ಎದ್ದು ಬಂದು ಕರ್ತೃವಿನ ಪೀಠದಲ್ಲಿ ಕುಳಿತುಕೊಳ್ಳುತ್ತದೆ; ಕ್ರಿಯಾಪದವು ಕಾಲಕ್ಕೆ ತಕ್ಕ ಸಹಾಯಕ ರೂಪವೊಂದನ್ನು ಮುಂದಿಟ್ಟುಕೊಂಡು ಕೃದಂತವಾಗುತ್ತದೆ; ಕರ್ತೃವು ‘ಬೈ’ ಎಂಬ ಊರುಗೋಲನ್ನು ಹಿಡಿದು ವಾಕ್ಯದ ಕೊನೆಗೆ ಸರಿಯುತ್ತಾನೆ. ಹಾವಂತೂ ಎರಡು ವಾಕ್ಯಗಳಲ್ಲಿಯೂ ಸತ್ತೇ ಇರುತ್ತದೆ. ಆದುದರಿಂದ ಆಕಾರ ಬದಲಾಯಿತೇ ಹೊರತು ಅರ್ಥ ಬದಲಾಗಲಿಲ್ಲವೆಂದು ಮಕ್ಕಳಿಗೆ ಹೇಳುವುದು ವಾಡಿಕೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಕೊಂಚ ವಿಚಾರಿಸಿ ನೋಡಬೇಕೆಂದು ನನಗೆ ತೋರಿದೆ.

ನಮ್ಮ ವ್ಯಾಕರಣದಲ್ಲಿಯೂ ಈ ಪಾಠವುಂಟು. ‘ರಾಮನು ರಾವಣನನ್ನು ಕೊಂದನು’ ಎಂಬಲ್ಲಿ ದ್ವಿತೀಯೆಯಲ್ಲಿದ್ದ ರಾವಣನು ಪ್ರಥಮೆಗೆ ಏರುತ್ತಾನೆ, ಪ್ರಥಮೆಯಲ್ಲಿದ್ದ ರಾಮನು ತೃತೀಯೆಗೆ ಇಳಿಯುತ್ತಾನೆ, ಧಾತುವಿಗೆ ‘ಅಲ್ಪಡು’ ಸೇರುತ್ತದೆ: ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’. ಸಂಸ್ಕೃತಕ್ಕೆ ಈ ಪ್ರಯೋಗವೆಂದರೆ ಬಲು ಪ್ರೀತಿ. ಇಂಗ್ಲಿಷಿಗೂ ಅದು ಸಹಜವೇ. ಕನ್ನಡಕ್ಕೆ ಮಾತ್ರ ಅದು ಎರವಲು ತಂದ ಅಂಗಿಯಂತೆ ಎಲ್ಲಿಯೋ ಬಿಗಿ, ಎಲ್ಲಿಯೋ ಸಡಿಲ. ‘ಹಾಲು ಬೆಕ್ಕಿನಿಂದ ಕುಡಿಯಲ್ಪಟ್ಟಿತು’ ಎಂದು ಅಡುಗೆಮನೆಯಿಂದ ಕೂಗಿದ ಗೃಹಿಣಿಯನ್ನು ನಾನು ಕಾಣೆ. ನಮ್ಮ ಜನ ಕಷ್ಟಪಡುತ್ತಾರೆ, ಸಂತೋಷಪಡುತ್ತಾರೆ, ಆದರೆ ಹೊಡೆಯಲ್ಪಡುವುದಿಲ್ಲ, ಪೆಟ್ಟು ತಿನ್ನುತ್ತಾರೆ, ಬೈಯಲ್ಪಡುವುದಿಲ್ಲ, ಬೈಸಿಕೊಳ್ಳುತ್ತಾರೆ. ಇಂಗ್ಲಿಷಿನವನು ‘ಐ ವಾಸ್ ಗಿವನ್ ಎ ಬುಕ್’ ಎಂದು ಸರಾಗವಾಗಿ ಹೇಳಬಲ್ಲನು. ಅದನ್ನೇ ನಾವು ‘ನಾನು ಪುಸ್ತಕವನ್ನು ಕೊಡಲ್ಪಟ್ಟೆನು’ ಎಂದರೆ, ಕೊಟ್ಟದ್ದು ಪುಸ್ತಕವನ್ನೋ ನನ್ನನ್ನೋ ಎಂದು ಕೇಳಿದವರು ಬೆರಗಾಗಬೇಕಾದೀತು.

ಕಚೇರಿಯ ಕನ್ನಡವು ಇದಕ್ಕಿಂತ ಜಾಣತನದ ಇನ್ನೊಂದು ದಾರಿಯನ್ನು ಹಿಡಿದಿದೆ. ‘ಈ ಮೂಲಕ ತಿಳಿಸಲಾಗಿದೆ’, ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬ ಮಾತುಗಳನ್ನು ನೋಡಿ. ಇಲ್ಲಿ ಕರ್ಮವು ದ್ವಿತೀಯೆಯಲ್ಲಿಯೇ ಉಳಿಯಿತು; ಪ್ರಥಮೆಯ ಪೀಠ ಬರಿದಾಯಿತು; ತಿರಸ್ಕರಿಸಿದವರು ತೃತೀಯೆಯಲ್ಲಿಯೂ ಇಲ್ಲ. ಕರ್ಮಣಿ ಪ್ರಯೋಗವು ಕರ್ತೃವಿಗೆ ವಾಕ್ಯದ ಮೂಲೆಯಲ್ಲಾದರೂ ಒಂದು ಮಣೆ ಹಾಕುತ್ತಿತ್ತು. ‘ಲಾಗಿದೆ’ ಎಂಬುದು ಆ ಮಣೆಯನ್ನೂ ಎತ್ತಿಟ್ಟಿತು.

ಶಿವಮೊಗ್ಗೆಯಲ್ಲಿ ನಮ್ಮ ನೆರೆಮನೆಯ ಹುಡುಗಿ, ಹತ್ತನೆಯ ತರಗತಿಯವಳು, ಆಗಾಗ ವ್ಯಾಕರಣದ ಪುಸ್ತಕವನ್ನು ಹಿಡಿದು ನನ್ನಲ್ಲಿಗೆ ಬರುವುದುಂಟು. ಒಂದು ಸಂಜೆ ಅವಳ ತಾತನವರೂ ಜೊತೆಯಲ್ಲಿ ಬಂದಿದ್ದರು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಬಹುಕಾಲ ದುಡಿದು ನಿವೃತ್ತರಾದವರು. ಹುಡುಗಿ ‘ದೇ ಕ್ಲೋಸ್ಡ್ ದ ಫ್ಯಾಕ್ಟರಿ’ ಎಂಬ ವಾಕ್ಯವನ್ನು ತಿರುಗಿಸಿ ‘ದ ಫ್ಯಾಕ್ಟರಿ ವಾಸ್ ಕ್ಲೋಸ್ಡ್’ ಎಂದು ಬರೆದು, ಕನ್ನಡದಲ್ಲಿ ಅರ್ಥವನ್ನೂ ಹೇಳಿದಳು.

“ಯಾರು ಮುಚ್ಚಿದರು ಅಂತ ಬರೆಯಲಿಲ್ಲವಲ್ಲ, ಮಗೂ?” ಎಂದರು ತಾತ.

“ಬರೆಯಬೇಕಾಗಿಲ್ಲ ತಾತ. ಅದನ್ನು ಬಿಟ್ಟರೂ ಪೂರ್ತಿ ಮಾರ್ಕ್ಸ್ ಕೊಡ್ತಾರೆ.”

ವೃದ್ಧರು ನಕ್ಕರು, ಆದರೆ ಆ ನಗೆ ಬಹಳ ಹೊತ್ತು ನಿಲ್ಲಲಿಲ್ಲ.

ಹುಡುಗಿ ಹೇಳಿದ ನಿಯಮವೇನೋ ಸರಿಯೇ. ಕರ್ತೃವು ಅಜ್ಞಾತನಾದರೆ, ಸರ್ವವಿದಿತನಾದರೆ, ಅಥವಾ ಅಪ್ರಧಾನನಾದರೆ ಅವನನ್ನು ಬಿಡಬಹುದು. ಆದರೆ ಅಪ್ರಧಾನನೆಂದು ತೀರ್ಮಾನಿಸುವವರು ಯಾರು? ಭದ್ರಾವತಿಯ ಕಥೆಯನ್ನೇ ತೆಗೆದುಕೊಳ್ಳಿ. ಬೆಂಕಿಪುರವೆನ್ನಿಸಿಕೊಂಡಿದ್ದ ಆ ಊರಿನಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿತು. ಕೆಮ್ಮಣ್ಣುಗುಂಡಿಯಿಂದ ಅದಿರು ಬಂದಿತು. ಮಲೆನಾಡಿನ ಮರ ಇದ್ದಲಾಯಿತು. 1936ರಲ್ಲಿ ಕಾಗದದ ಕಾರ್ಖಾನೆಯ ಕಂಪನಿ ಸ್ಥಾಪಿತವಾಯಿತು. ಕಳೆದ ದಶಕದಲ್ಲಿ ಅದರ ಯಂತ್ರಗಳು ನಿಂತುವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದಿತು, ಕಾರ್ಮಿಕರು ಪ್ರತಿಭಟಿಸಿದರು, ಅದೇ ವರ್ಷದ ಆಗಸ್ಟಿನಲ್ಲಿ ಒಂದು ಭಾಗದ ಕೆಲಸ ಮರಳಿ ತೊಡಗಿತು. ನಾನೀಗ ಬರೆದ ವಾಕ್ಯಗಳನ್ನು ವಾಚಕರು ಮತ್ತೊಮ್ಮೆ ಓದಬೇಕು. ಕರಗಿತು, ಬಂದಿತು, ಆಯಿತು, ನಿಂತುವು, ಹೊರಬಿದ್ದಿತು! ಕರ್ಮಣಿ ಪ್ರಯೋಗವೊಂದೂ ಇಲ್ಲದೆ ಶತಮಾನದ ಚರಿತ್ರೆ ಮುಗಿದುಹೋಯಿತು. ಪ್ರತಿಭಟಿಸಿದವರನ್ನುಳಿದು ಮನುಷ್ಯರೊಬ್ಬರೂ ಅದರಲ್ಲಿ ಕಾಣಲಿಲ್ಲ.

ಹಾಗೆಂದು ಕರ್ತರಿ ಪ್ರಯೋಗವೇ ಸತ್ಯಸಂಧವೆಂದು ನಂಬಬೇಕಾಗಿಲ್ಲ. ‘ವಿಶ್ವೇಶ್ವರಯ್ಯನವರು ಕಾರ್ಖಾನೆಯನ್ನು ಕಟ್ಟಿಸಿದರು’ ಎನ್ನುತ್ತೇವೆ. ಆ ಮಹನೀಯರಿಗೆ ಸಲ್ಲತಕ್ಕ ಮಾತೇ ಅದು. ಆದರೆ ‘ಕಟ್ಟಿಸು’ ಎಂಬಲ್ಲಿಯ ‘ಇಸು’ ಪ್ರತ್ಯಯದೊಳಗೆ ಕಟ್ಟಿದವರ ದೊಡ್ಡ ಗುಂಪೇ ಅಡಗಿ ನಿಂತಿದೆ. ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು 1902 ಮತ್ತು 1904ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಶಾಸನಗಳಲ್ಲಿ ಕೆರೆ ಕಟ್ಟಿಸಿದವರೂ ದೇಗುಲ ಮಾಡಿಸಿದವರೂ ಹೆಸರುಗೊಂಡು ಮೆರೆಯುತ್ತಾರೆ. ಮಣ್ಣು ಹೊತ್ತವರು ಆ ಒಂದು ಪ್ರತ್ಯಯದಲ್ಲಿಯೇ ತೃಪ್ತರಾಗಬೇಕು. ಸೋಮನಾಥಪುರದ ಗೋಡೆಯಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯು ತನ್ನ ಹೆಸರನ್ನು ತಾನೇ ಕೆತ್ತಿಕೊಂಡನು. ತೃತೀಯೆಯಲ್ಲಿಯೂ ತನಗೆ ಸ್ಥಳ ದೊರಕಲಾರದೆಂದು ಅವನು ಬಲ್ಲವನಾಗಿದ್ದಿರಬೇಕು.

ಆದಕಾರಣ ಕರ್ಮಣಿ ಪ್ರಯೋಗವನ್ನು ದೂಷಿಸುವುದರಿಂದ ಫಲವಿಲ್ಲ. ನೊಂದವನೇ ಕಥೆಯ ನಾಯಕನಾದಾಗ ಅವನನ್ನು ಮುಂದೆ ಕೂರಿಸುವುದು ನ್ಯಾಯವೇ. ಮಕ್ಕಳಿಗೆ ಕಲಿಸಬೇಕಾದದ್ದು ಇಷ್ಟು: ವಾಕ್ಯವನ್ನು ತಿರುಗಿಸಿದ ಮೇಲೆ ‘ಯಾರಿಂದ?’ ಎಂದು ಒಮ್ಮೆ ಕೇಳಿಕೊಳ್ಳಿ. ಉತ್ತರವನ್ನು ಬಿಡುವುದಾದರೆ ಏಕೆ ಬಿಟ್ಟೆನೆಂಬುದನ್ನು ಅರಿತು ಬಿಡಿ. ಈ ಪ್ರಶ್ನೆಗೆ ಪರೀಕ್ಷೆಯಲ್ಲಿ ಅಂಕಗಳಿಲ್ಲ. ಆದರೆ ಆ ಮಕ್ಕಳು ದೊಡ್ಡವರಾಗಿ, ಒಂದು ದಿನ ತಮ್ಮ ಮನೆಯ ಅನ್ನಕ್ಕೆ ಸಂಬಂಧಿಸಿದ ಪ್ರಕಟನೆಯೊಂದನ್ನು ಕೈಯಲ್ಲಿ ಹಿಡಿದು ನಿಂತಾಗ, ಶಾಲೆಯಲ್ಲಿ ಕಲಿತ ವ್ಯಾಕರಣದಲ್ಲಿ ಉಪಯೋಗಕ್ಕೆ ಬರುವುದು ಅದೊಂದೇ ಆದೀತು.