ಶಿವಾಜಿನಗರದ ಆರೋಗ್ಯ ಮಾತೆ, ನಮ್ಮ ಲಿಫ್ಟಿನ ನೋಟಿಸು

ಸೆಪ್ಟೆಂಬರ್ ಮೊದಲ ವಾರ ಶಿವಾಜಿನಗರಕ್ಕೆ ಆಟೋ ಕೇಳಿದರೆ ಡ್ರೈವರ್‌ಗಳು ಮುಖ ತಿರುಗಿಸುತ್ತಾರೆ. "ಮೇರಿ ಹಬ್ಬ ಸಾರ್, ಗಾಡಿ ಒಳಗೆ ಹೋಗಲ್ಲ." ಹಾಗಾಗಿ ಕಳೆದ ವರ್ಷ ನಾನು ಇಂದಿರಾನಗರದಿಂದ ನಡೆದೇ ಹೊರಟೆ. ಕರೆದಿದ್ದು ನಮ್ಮ ಮನೆಗೆ ಅಡುಗೆಗೆ ಬರುವ ಅಕ್ಕ. ಅವರ ಮನೆ ಹಲಸೂರಿನಲ್ಲಿ. ಮನೆದೇವರು ಮಾರಮ್ಮ, ಹರಕೆ ಮಾತ್ರ ಮೇರಿಯಮ್ಮನಿಗೆ. "ಒಂದ್ಸಲ ಬನ್ನಿ ಸಾರ್, ದಿನಾ ಲ್ಯಾಪ್‌ಟಾಪ್ ನೋಡೋದು ಇದ್ದೇ ಇದೆ" ಅಂದಿದ್ದರು.

ಸಿಎಂಎಚ್ ರೋಡ್ ಮುಗಿದು ಹಲಸೂರು ಶುರುವಾಗುತ್ತಿದ್ದಂತೆ ರಸ್ತೆ ಕಿರಿದಾಗುತ್ತದೆ, ಹೂವಿನ ಅಂಗಡಿಗಳು ಹೆಚ್ಚುತ್ತವೆ. ಸೋಮೇಶ್ವರ ದೇವಸ್ಥಾನದ ಗೋಪುರದ ಎದುರು ಎರಡು ನಿಮಿಷ ನಿಂತೆ. ದಂಡು ಬರುವ ಎಷ್ಟೋ ಮೊದಲೇ ಇಲ್ಲಿ ಊರಿತ್ತು, ದೇವರಿದ್ದ. ದಂಡು ಬಂದಿದ್ದು ಯುದ್ಧದಿಂದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಅಲ್ಲೇ ಬೀಡುಬಿಟ್ಟ ಬ್ರಿಟಿಷ್ ಸೈನ್ಯವನ್ನು ಜ್ವರ ಕಾಡಿತು. ಗಾಳಿ ಚೆನ್ನಾಗಿದೆ ಅಂತ 1809ರಲ್ಲಿ ಸೈನ್ಯವನ್ನು ಹಲಸೂರಿನ ಪಕ್ಕಕ್ಕೆ ತಂದರು. ಅದೇ ಕಂಟೋನ್ಮೆಂಟ್, ನಮ್ಮ ಹಿರಿಯರ ಬಾಯಲ್ಲಿ 'ದಂಡು'. ಸೈನಿಕರ ಹಿಂದೆ ಅಡುಗೆಯವರು, ಅಗಸರು, ದರ್ಜಿಗಳು, ವ್ಯಾಪಾರಿಗಳು ಬಂದರು. ಪರೇಡ್ ಮೈದಾನ, ಬಂಗಲೆಗಳಿಗೆ ಎಕರೆಗಟ್ಟಲೆ ಜಾಗ ಸಿಕ್ಕಿತು. ಈ ಜನ ಮಾತ್ರ ಬ್ಲ್ಯಾಕ್‌ಪಲ್ಲಿಯ ಗಲ್ಲಿಗಳಲ್ಲಿ ಒತ್ತೊತ್ತಾಗಿ ಬದುಕಿದರು. ಇವತ್ತಿನ ಶಿವಾಜಿನಗರ ಅದೇ.

ಆ ಗಲ್ಲಿಗಳಿಗೆ 1898ರಲ್ಲಿ ಪ್ಲೇಗ್ ನುಗ್ಗಿತು. ಮುಂಬೈಯಲ್ಲಿ 1896ರಲ್ಲಿ ಕಾಣಿಸಿಕೊಂಡ ರೋಗ ರೈಲು ದಾರಿ ಹಿಡಿದು ಊರೂರು ದಾಟಿ ಬೆಂಗಳೂರು ತಲುಪಿತ್ತು. ಸರ್ಕಾರದ ಕೈಯಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಇತ್ತು. ಮನೆ ಮನೆ ಶೋಧ, ರೋಗಿಯನ್ನು ಎತ್ತಿಕೊಂಡು ಹೋಗುವುದು, ಮನೆಯವರನ್ನು ಕ್ಯಾಂಪಿಗೆ ಹಾಕುವುದು ನಡೆಯಿತು. ಜನ ರೋಗಕ್ಕಿಂತ ಕ್ಯಾಂಪಿಗೆ ಹೆದರಿ ರೋಗಿಗಳನ್ನೇ ಬಚ್ಚಿಟ್ಟರು. ಪುಣೆಯಲ್ಲಿ ಇದೇ ಸಿಟ್ಟು 1897ರಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಕೊಲೆಗೆ ಕಾರಣವಾಯಿತು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಜನ ದಂಗೆ ಎದ್ದರು. ಬೆಂಗಳೂರಿನ ಬಡಾವಣೆಗಳಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಬ್ಲ್ಯಾಕ್‌ಪಲ್ಲಿಯವರು ಮೇರಿಯ ಮುಂದೆ ಮೊಣಕಾಲೂರಿದರು. ಅವಳೇ ಕಾಪಾಡಿದಳು ಅನ್ನುವುದು ಇಲ್ಲಿಯ ಭಕ್ತರ ನಂಬಿಕೆ. ಅವಳ ಹೆಸರೇ ಆರೋಗ್ಯ ಮಾತೆ.

ಕೆರೆ ಬಳಸಿ, ಡಿಕೆನ್ಸನ್ ರೋಡ್ ದಾಟಿ, ಕಮರ್ಷಿಯಲ್ ಸ್ಟ್ರೀಟಿನ ಜಂಗುಳಿ ತೂರಿಕೊಂಡು ಹೋದರೆ ರಸೆಲ್ ಮಾರ್ಕೆಟ್ ಹತ್ತಿರ ಸೇಂಟ್ ಮೇರಿ ಬೆಸಿಲಿಕಾದ ಶಿಖರ ಕಾಣುತ್ತದೆ. ಈಗಿನ ಕಟ್ಟಡ 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠೆಯಾಗಿದ್ದು. ಚೂಪು ಕಮಾನು, ಬಣ್ಣದ ಗಾಜು, ಮೇಲಕ್ಕೆ ಎಳೆಯುವ ಗೋಪುರ, ಎಲ್ಲ ಗಾಥಿಕ್ ಶೈಲಿ. ಮಧ್ಯಯುಗದ ಯುರೋಪಿನವರು ದೇವರಿಗೆ ಕಟ್ಟುತ್ತಿದ್ದ ಮನೆ ಇದೇ ಥರದ್ದು. ಆದರೆ ಒಳಗಿನ ಮೇರಿ ಉಟ್ಟಿರುವುದು ಸೀರೆ!

ಆ ಯುರೋಪನ್ನೂ ಕಾಡಿದ್ದು ಇದೇ ಪ್ಲೇಗ್. ಹೋಲಿಕೆಗೆ ಹೇಳುತ್ತಿಲ್ಲ, ಅದೇ ಬ್ಯಾಕ್ಟೀರಿಯಾ. ಫ್ರಾನ್ಸ್, ಇಂಗ್ಲೆಂಡ್ ನಡುವೆ 1337ರಲ್ಲಿ ಶುರುವಾದ ನೂರು ವರ್ಷದ ಯುದ್ಧ ನಡೆಯುತ್ತಿರುವಾಗಲೇ, 1347ರಲ್ಲಿ, ರೋಗ ಹಡಗೇರಿ ಸಿಸಿಲಿಗೆ ಬಂತು. ಕೆಲವೇ ವರ್ಷಗಳಲ್ಲಿ ಯುರೋಪಿನ ಮೂರರಲ್ಲಿ ಒಂದು ಪಾಲು ಜನ, ಬಹುಶಃ ಇನ್ನೂ ಹೆಚ್ಚು, ಸತ್ತರು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಕೆಲವರು ಪಾಪ ಕಳೆಯಲು ಬೀದಿಯಲ್ಲಿ ಚಾಟಿಯಿಂದ ಹೊಡೆದುಕೊಂಡರು. ಇನ್ನು ಕೆಲವರು ಬಾವಿಗೆ ವಿಷ ಹಾಕಿದ್ದು ಯಹೂದಿಗಳು ಅಂದರು. ಅವರೂ ರೋಗದಿಂದ ಸಾಯುತ್ತಿದ್ದಾರೆ, ಇದು ಸುಳ್ಳು ಅಂತ ಪೋಪ್ ಆರನೇ ಕ್ಲೆಮೆಂಟ್ 1348ರಲ್ಲೇ ಆಜ್ಞೆ ಹೊರಡಿಸಿದ. ಕೇಳಿದವರು ಕಡಿಮೆ. 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ನೂರಾರು ಯಹೂದಿಗಳನ್ನು ಜೀವಂತ ಸುಟ್ಟರು. ಆ ಊರಿಗೆ ಪ್ಲೇಗ್ ಇನ್ನೂ ಬಂದೇ ಇರಲಿಲ್ಲ.

ಇದನ್ನು ಮೊದಲ ಸಲ ಓದಿದಾಗ 'ಎಂಥಾ ಜನ' ಅಂದುಕೊಂಡಿದ್ದೆ. ಆಮೇಲೆ 2020ರ ಜುಲೈ ನೆನಪಾಯಿತು. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದು ನೋಟಿಸು ಅಂಟಿಸಿದ್ದರು: ಮನೆಗೆಲಸದವರಿಗೆ ಪ್ರವೇಶವಿಲ್ಲ. ಆ ಹೊತ್ತಿಗೆ ನಮ್ಮ ಬಿಲ್ಡಿಂಗಿನಲ್ಲಿ ಪಾಸಿಟಿವ್ ಬಂದಿದ್ದು ಊರಿಂದೂರಿಗೆ ಓಡಾಡಿದ್ದ ನಮ್ಮಂಥವರಿಗೇ. ಅಡುಗೆಯವರಿಗಲ್ಲ. ಸ್ಟ್ರಾಸ್‌ಬರ್ಗ್‌ಗೂ ಇದಕ್ಕೂ ಅಜಗಜಾಂತರ, ಗೊತ್ತು. ಆದರೂ ವಾಟ್ಸಾಪ್ ಗ್ರೂಪಿನಲ್ಲಿ ಆ ನೋಟಿಸಿಗೆ ಬಿದ್ದ ಥಂಬ್ಸ್ ಅಪ್‌ಗಳಲ್ಲಿ ನನ್ನದೂ ಒಂದಿತ್ತು. ಅಕ್ಕನಿಗೆ ಎರಡು ತಿಂಗಳು ಸಂಬಳ ಹಾಕಿದೆ. ಮೂರನೇ ತಿಂಗಳು ಮರೆತೆ. ನಿಜ ಹೇಳಬೇಕೆಂದರೆ, ಮರೆತಂತೆ ಇದ್ದೆ.

ಬೆಸಿಲಿಕಾ ಅಂಗಳದಲ್ಲಿ ಕಾವಿ ಬಣ್ಣದ ಬಟ್ಟೆ ತೊಟ್ಟ ಸಾವಿರಾರು ಜನ. ಆಗಸ್ಟ್ 29ಕ್ಕೆ ಬಾವುಟ ಏರಿದರೆ ಸೆಪ್ಟೆಂಬರ್ 8ರ ತೇರಿನವರೆಗೂ ಹೀಗೇ. ತಮಿಳು, ಕನ್ನಡ, ಇಂಗ್ಲಿಷ್ ಪ್ರಾರ್ಥನೆಗಳು ಒಂದರ ಹಿಂದೊಂದು. ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು ಮೇಣದಬತ್ತಿ ಹಿಡಿದು ಒಂದೇ ಸಾಲಿನಲ್ಲಿ. ಯಾರು ಯಾವ ಜಾತಿ ಅಂತ ಕೇಳುವವರಿಲ್ಲ. ಅಕ್ಕ ಮಾತೆಗೆ ಅರ್ಪಿಸಲು ಒಂದು ನೀಲಿ ಸೀರೆ ತಂದಿದ್ದರು. ಕೋವಿಡ್‌ನಲ್ಲಿ ಮಗ ಹುಷಾರಾದದ್ದಕ್ಕೆ ಹೊತ್ತ ಹರಕೆ, ದುಡ್ಡು ಕೂಡಿಸುವಷ್ಟರಲ್ಲಿ ಇಷ್ಟು ವರ್ಷ ಆಯಿತಂತೆ.

ಸಾಲಿನಲ್ಲಿ ನಿಂತಿದ್ದಾಗ ಆ ನೋಟಿಸಿನ ವಿಷಯ ನಾನೇ ಎತ್ತಿದೆ. "ಗೊತ್ತು ಸಾರ್" ಅಂದರು, ಮುಂದಿನವರ ಬತ್ತಿಯಿಂದ ತಮ್ಮ ಬತ್ತಿ ಹಚ್ಚಿಕೊಳ್ಳುತ್ತಾ. "ವಾಚ್‌ಮನ್ ಫೋನಲ್ಲಿ ತೋರಿಸಿದ್ದ. ನಿಮ್ಮ ಹೆಸರೂ ಇತ್ತು."

ಐದು ವರ್ಷ ಅದನ್ನು ತಿಳಿದುಕೊಂಡೇ ನಮ್ಮ ಮನೆಯಲ್ಲಿ ಸಾರು ಮಾಡಿದ್ದಾರೆ. ನಾನು ಏನೋ ತೊದಲಿದೆ. ಅವರು "ಸಾಲು ಮುಂದೆ ಹೋಗ್ತಿದೆ, ನಡೀರಿ" ಅಂದರು.

ವಾಪಸ್ ಬರುವಾಗ ಫ್ರೇಜರ್ ಟೌನ್ ಸುತ್ತಿ ಬಂದೆ. ಪ್ಲೇಗ್ ಆದಮೇಲೆ ಗಲ್ಲಿಗಳ ಇಕ್ಕಟ್ಟು ತಪ್ಪಿಸಲು 1906ರ ಹೊತ್ತಿಗೆ ಶುರುವಾದ ಬಡಾವಣೆ ಇದು. ಅಗಲ ರಸ್ತೆ, ಗಾಳಿ ಬೆಳಕು, ಇಲಿ ಸೇರದಂಥ ಮನೆಗಳು. ಇದನ್ನು ರೂಪಿಸಿದ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್ 1914ರಲ್ಲಿ ಪ್ಲೇಗ್ ತಡೆಯುವ ನಗರ ಯೋಜನೆ ಬಗ್ಗೆ ಪುಸ್ತಕವನ್ನೇ ಬರೆದ. ಎಂಜಿನಿಯರ್ ಆಗಿ ನನಗೆ ಈ ಕಥೆ ಇಷ್ಟ. ಆದರೆ ಹೊಸ ರಸ್ತೆಗೆ ಎಲ್ಲರೂ ಬರಲಾಗಲಿಲ್ಲ, ಹಳೆ ಗಲ್ಲಿಗಳು ಇವತ್ತಿಗೂ ಒತ್ತೊತ್ತಾಗೇ ಇವೆ.

ಯುರೋಪಿನಲ್ಲಿ ಇನ್ನೊಂದು ನಡೆದಿತ್ತು. ಅಷ್ಟು ಜನ ಸತ್ತಮೇಲೆ ಕೂಲಿಯವರು ಸಿಗದಾದರು, ಉಳಿದವರು ಹೆಚ್ಚು ಕೂಲಿ ಕೇಳಿದರು. ಪ್ಲೇಗಿಗೆ ಮುಂಚಿನ ಕೂಲಿಗಿಂತ ಹೆಚ್ಚು ಕೇಳಬಾರದು, ಕೊಡಬಾರದು ಅಂತ ಇಂಗ್ಲೆಂಡ್ 1351ರಲ್ಲಿ ಕಾನೂನು ಮಾಡಿತು. ಆ ಸಿಟ್ಟು ಒಳಗೊಳಗೇ ಕುದಿಯಿತು. ಯುದ್ಧದ ಖರ್ಚಿಗೆ ತಲೆಗಂದಾಯ ಹಾಕಿದಾಗ, 1381ರಲ್ಲಿ, ರೈತರು ಲಂಡನ್ನಿಗೇ ನುಗ್ಗಿದರು. ಕೋವಿಡ್ ಇಳಿದು ಕೆಲಸದವರು ವಾಪಸ್ ಬಂದಾಗ ನಮ್ಮ ಗ್ರೂಪಿನಲ್ಲಿ ಒಂದು ಮೆಸೇಜ್ ಬಂದಿತ್ತು: "ಯಾರೂ ಹಳೇ ರೇಟ್‌ಗಿಂತ ಜಾಸ್ತಿ ಕೊಡಬೇಡಿ, ಎಲ್ಲರಿಗೂ ತೊಂದರೆ." ನಾನು ಆ ಮಾತಿಗೂ ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ ಅಕ್ಕ ಎಂದಿನಂತೆ ಬಂದರು. ಕುಕ್ಕರ್ ಇಟ್ಟು, ನನ್ನ ಕಡೆ ನೋಡದೆ, "ಮುಂದಿನ ತಿಂಗಳಿಂದ ಸಾವಿರ ಜಾಸ್ತಿ ಮಾಡಿ ಸಾರ್" ಅಂದರು. ಆಯ್ತು ಅಂದೆ. ಅದನ್ನು ಗ್ರೂಪಿನಲ್ಲೂ ಬರೆದೆ. ಈ ಸಲ ಒಂದೂ ಥಂಬ್ಸ್ ಅಪ್ ಬರಲಿಲ್ಲ.

ಹೋಗುವವರಿಗೆ: ಸೋಮೇಶ್ವರ ದೇವಸ್ಥಾನಕ್ಕೆ ಹಲಸೂರು ಮೆಟ್ರೋದಲ್ಲಿ ಇಳಿಯಿರಿ, ಬೆಸಿಲಿಕಾಗೆ ಎಂಜಿ ರೋಡ್‌ನಲ್ಲಿ ಇಳಿದು ಆಟೋ ಹಿಡಿಯಿರಿ. ಹಬ್ಬದ ದಿನಗಳಲ್ಲಿ ಕಾರು ಬೇಡವೇ ಬೇಡ. ಬೆಳಿಗ್ಗೆ ಬೇಗ ಹೋದರೆ ರಸೆಲ್ ಮಾರ್ಕೆಟ್ಟಿನಲ್ಲಿ ಹೂವು, ಹಣ್ಣು ಇಳಿಸುವುದನ್ನೂ ನೋಡಬಹುದು. ನಿಮ್ಮ ಮನೆಗೆ ಬರುವವರು ಕರೆದರೆ ಅವರ ಜೊತೆಗೇ ಹೋಗಿ.