ಬಸುರಿಯ ಕೈಬಳೆ

ನಮ್ಮ ಕಡೆ ಬಸುರಿ ಹೆಣ್ಣುಮಗಳು ಏನನ್ನು ಹೇಳಿಕೊಂಡರೂ ಮನೆಯ ಹಿರಿಯ ಹೆಂಗಸರ ಬಳಿ ಒಂದೇ ಉತ್ತರ ಸಿದ್ಧವಾಗಿರುತ್ತದೆ: “ಬಸರಂದ್ರ ಇವೆಲ್ಲಾ ಇರೂವೇ.” ವಾಂತಿಯೆಂದರೂ ಅದೇ, ನಡುನೋವೆಂದರೂ ಅದೇ, ಕಾಲು ಬಾತಿವೆಯೆಂದರೂ ಅದೇ ಉತ್ತರ. ನಾನೂ ಹಾಗೆಯೇ ಹೇಳಿಸಿಕೊಂಡು ಮೂರು ಮಕ್ಕಳನ್ನು ಹೆತ್ತವಳು. ಹಾಗೆಯೇ ಹೇಳುತ್ತಲೂ ಬಂದವಳು. ಆ ಉತ್ತರದಲ್ಲಿ ಮುಕ್ಕಾಲು ಪಾಲು ಸತ್ಯವಿದೆ. ಉಳಿದ ಕಾಲು ಪಾಲಿನಿಂದ ನಮ್ಮ ಮನೆಗೆ ಏನಾಗಲಿತ್ತೆಂಬುದನ್ನು ಸಹೋದರಿಯರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

2018ರಲ್ಲಿ ನನ್ನ ಹಿರಿಯ ಸೊಸೆ ಚೊಚ್ಚಲ ಬಸುರಿಯಾದಳು. ಅವಳಿಗೆ ತಾಯಿ ಇಲ್ಲ. ಆದುದರಿಂದ ತವರಿನವರು ಮಾಡಬೇಕಾದ ಬಾಣಂತನವೂ ನಮ್ಮ ಬೋನಾಳದ ಮನೆಯಲ್ಲಿಯೇ ಆಗಲೆಂದು ನಿಶ್ಚಯಿಸಿದೆವು. ಎರಡು ತಿಂಗಳು ತುಂಬಿ ಮೂರನೆಯದು ನಡೆದಿರುವಾಗ ಶ್ರಾವಣ ಬಂದಿತು. ಸೋಮವಾರದ ಉಪವಾಸ ನಮ್ಮಲ್ಲಿ ತಲೆತಲಾಂತರದ್ದು. ಉಳಿದ ದಿನಗಳಲ್ಲಿಯೂ ಸ್ನಾನ, ಲಿಂಗಪೂಜೆ ಮುಗಿಯುವ ತನಕ ಬಾಯಿಗೆ ಏನನ್ನೂ ಹಾಕುವ ರೂಢಿಯಿಲ್ಲ. ಸೊಸೆ ಹಾಸಿಗೆ ಬಿಟ್ಟೇಳುವುದೇ ತಡ, ಓಕರಿಸುತ್ತಿದ್ದಳು. ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕುಳಿತವಳು ನಡುವೆಯೇ ಎದ್ದು ಹಿತ್ತಲಿಗೆ ಓಡುತ್ತಿದ್ದಳು. ಬಂದು, ಮೈಲಿಗೆಯಾಯಿತೆಂದು ಮತ್ತೆ ಸ್ನಾನ ಮಾಡುತ್ತಿದ್ದಳು. ಪಂಚಸೂತಕಗಳನ್ನೇ ಕಳೆದ ಶರಣರ ಸಂತತಿಯೆಂದು ಹೇಳಿಕೊಳ್ಳುವ ನಾನು ಅದನ್ನು ನೋಡುತ್ತ ಸುಮ್ಮನಿದ್ದೆನೆಂದು ಇಂದು ನೆನೆದರೆ ನಾಚಿಕೆಯೆನಿಸುತ್ತದೆ.

ಆರೋಗ್ಯ ಕೇಂದ್ರದ ಸಿಸ್ಟರ್ ಹೇಳಿದ ಮೇಲೆ ತಿಳಿಯಿತು, ಹೊಟ್ಟೆ ಖಾಲಿಯಿದ್ದಷ್ಟೂ ಓಕರಿಕೆ ಹೆಚ್ಚುತ್ತದೆಂದು. ಹಾಸಿಗೆಯ ಬಳಿ ಒಂದು ತುಣುಕು ಖಡಕ್ ರೊಟ್ಟಿಯನ್ನೋ ಒಂದು ಹಿಡಿ ಚುರುಮುರಿಯನ್ನೋ ಇಟ್ಟುಕೊಂಡು, ಅದನ್ನು ತಿಂದು ಸ್ವಲ್ಪ ಹೊತ್ತು ಬಿಟ್ಟು ನಿಧಾನವಾಗಿ ಏಳಬೇಕು. ಮೂರು ಹೊತ್ತಿನ ಊಟವನ್ನು ಆರು ಪಾಲು ಮಾಡಿ ಉಣ್ಣಬೇಕು. ನೀರನ್ನು ಊಟದ ನಡುವೆ ಒಮ್ಮೆಲೇ ಕುಡಿಯದೆ ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು. ಒಗ್ಗರಣೆಯ ಘಾಟಿನಿಂದ ದೂರವಿಡಬೇಕು. ಹಸಿಶುಂಠಿಯ ಸಣ್ಣ ಚೂರನ್ನು ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಹಿತವಾಗುತ್ತದೆ. ಪೂಜೆಗೆ ಮೊದಲು ತಿನ್ನುವುದು ಹೇಗೆಂದು ಸೊಸೆಯೇ ಅಳುಕಿದಳು. ದೇಹವನ್ನೇ ದೇಗುಲವೆಂದವರ ಮಾರ್ಗದಲ್ಲಿ ದೇಹವನ್ನು ದಂಡಿಸಿ ಮಾಡುವ ಪೂಜೆ ಯಾವುದೆಂದು ನನ್ನ ಯಜಮಾನರು ಕೇಳಿದಾಗ ಮನೆಯಲ್ಲಿ ಯಾರೂ ಎದುರಾಡಲಿಲ್ಲ. ಆ ವರ್ಷ ಅವಳ ಸೋಮವಾರಗಳನ್ನು ನಾನು ಹಿಡಿದೆ. ಸಾಮಾನ್ಯವಾಗಿ ನಾಲ್ಕನೆಯ, ಐದನೆಯ ತಿಂಗಳಿಗೆ ಈ ಬಾಧೆ ಇಳಿಯುತ್ತದೆ, ಅವಳಿಗೂ ಇಳಿಯಿತು. ಕುಡಿದ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ ಬಣ್ಣ ದಟ್ಟವಾಗಿ, ತಲೆ ತಿರುಗಿ, ತೂಕ ಇಳಿಯುತ್ತಿದ್ದರೆ ಮಾತ್ರ ಮನೆಮದ್ದಿನ ಮಾತು ಬಿಟ್ಟು ದವಾಖಾನೆಗೆ ಒಯ್ಯಬೇಕು.

ಇನ್ನೊಂದು ಸಂಗತಿ. ದೇವರ ಕೋಣೆಯ ವಿಭೂತಿ ಗಟ್ಟಿಗಳು ಇದ್ದಕ್ಕಿದ್ದಂತೆ ಸವೆಯತೊಡಗಿದವು. ಇಲಿಯಿರಬಹುದೆಂದು ನಾನು ಎಣಿಸಿದ್ದೆ. ಒಂದು ದಿನ ಸೊಸೆಯ ಸೆರಗಿನ ಗಂಟಿನಲ್ಲಿ ಅರ್ಧ ಗಟ್ಟಿ ಸಿಕ್ಕಿತು. ಕೆಲವರು ಕೆಮ್ಮಣ್ಣು ತಿನ್ನುತ್ತಾರೆ, ಕೆಲವರು ಬಳಪ. ನಮ್ಮ ಮನೆಗಳಲ್ಲಿ ಕೈಗೆ ಸಿಗುವುದು ವಿಭೂತಿ. ಇದನ್ನು ಬಯಕೆಯೆಂದು ನಕ್ಕು ಬಿಡುತ್ತೇವೆ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದವರಲ್ಲಿ ಇಂಥ ಹಂಬಲ ಹೆಚ್ಚೆಂದು ವೈದ್ಯರು ಬಲ್ಲರು. ಪರೀಕ್ಷೆ ಮಾಡಿಸಿದಾಗ ಅವಳ ಹಿಮೋಗ್ಲೋಬಿನ್ 8.6 ಇತ್ತು, ಬಸುರಿಗೆ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆಯೆನ್ನುತ್ತಾರೆ. ಮೆಟ್ಟಿಲು ಹತ್ತಿದರೆ ಏದುಸಿರು, ಕುಳಿತಲ್ಲಿಯೇ ತೂಕಡಿಕೆ, ಇವನ್ನು ನಾನು ‘ಬಸುರಿನ ಸುಸ್ತು’ ಎಂದುಕೊಂಡಿದ್ದೆ.

ಕಬ್ಬಿಣದ ಗುಳಿಗೆ ಕೊಟ್ಟರು. ಮಲ ಕಪ್ಪಾಗುತ್ತದೆ, ಕಟ್ಟುತ್ತದೆ, ಬಾಯಿ ಕಹಿಯಾಗುತ್ತದೆ ಎಂದು ಎಷ್ಟೋ ಹೆಣ್ಣುಮಕ್ಕಳು ಅದನ್ನು ಗುಟ್ಟಾಗಿ ಒಗೆಯುತ್ತಾರೆ. ಕಪ್ಪಾಗುವುದರಿಂದ ಕೇಡಿಲ್ಲ. ರಾತ್ರಿ ಊಟವಾದ ಮೇಲೆ ನಿಂಬೆಹಣ್ಣಿನ ಪಾನಕದೊಡನೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ, ಮೈಗೆ ಹತ್ತುವುದು ಹೆಚ್ಚು. ಚಹದೊಡನೆ ತೆಗೆದುಕೊಂಡರೆ ವ್ಯರ್ಥ. ಸುಣ್ಣದಂಶದ ಕ್ಯಾಲ್ಸಿಯಂ ಗುಳಿಗೆಯನ್ನೂ ಅದರೊಡನೆ ನುಂಗಬಾರದು, ಎರಡು ತಾಸಿನ ಅಂತರವಿರಬೇಕು. ಮಲಬದ್ಧತೆಗೆ ನಮ್ಮ ಜೋಳದ ರೊಟ್ಟಿ, ಪುಂಡಿಪಲ್ಯ, ರಾಜಗಿರಿ, ಮೊಳಕೆ ಬರಿಸಿದ ಹೆಸರುಕಾಳು, ಸಾಕಷ್ಟು ನೀರು ಇವೇ ಮೊದಲ ಮದ್ದು. ಬಸುರಿನಲ್ಲಿ ದೇಹವು ಸ್ರವಿಸುವ ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಕರುಳನ್ನು ಮಂದಗೊಳಿಸುತ್ತದಂತೆ. ಜಠರದ ಬಾಯನ್ನು ಸಡಿಲಗೊಳಿಸಿ ಎದೆಯುರಿ ತರುವುದೂ ಅದೇ. ಹರಳೆಣ್ಣೆ ಕುಡಿಸುವ ಹಳೆಯ ಪದ್ಧತಿಯನ್ನು ಬಿಡಬೇಕು, ಅದರಿಂದ ಅಕಾಲದ ನೋವು ಏಳಬಹುದು. ಎದೆಯುರಿಗೆ ಅಡುಗೆ ಸೋಡಾ ಕಲಸಿ ಕುಡಿಸುವುದೂ ಬೇಡ. ಉಂಡೊಡನೆ ಮಲಗದಿರುವುದು, ತಲೆದಿಂಬನ್ನು ಎತ್ತರಿಸುವುದು, ಹಸಿಮೆಣಸಿನಕಾಯಿ ಖಾರಕ್ಕೆ ಕೆಲವು ತಿಂಗಳು ಕೈಮುಗಿಯುವುದು, ಇಷ್ಟರಲ್ಲಿ ಬಹುಪಾಲು ಶಮನವಾಗುತ್ತದೆ. ಖಾರ ಬಿಡುವುದು ಸುರಪುರದ ಸೀಮೆಯವರಿಗೆ ಉಪವಾಸಕ್ಕಿಂತ ಕಠಿಣ ವ್ರತವೆಂಬುದು ಬೇರೆ ಮಾತು!

ಮೂತ್ರದ ವಿಷಯವನ್ನು ಇಂಥ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಯೋಚಿಸಿದೆ. ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ಗರ್ಭ ಬೆಳೆದಂತೆ ಮೂತ್ರಕೋಶದ ಮೇಲೆ ಒತ್ತಡ ಬಿದ್ದು ಗಳಿಗೆ ಗಳಿಗೆಗೆ ಹೋಗಬೇಕಾಗುತ್ತದೆ. ಇದು ಸಹಜ. ಸಹಜವಲ್ಲದ್ದು ನಮ್ಮ ಮನೆಗಳ ಕಟ್ಟೋಣ. ಅಂದು ನಮ್ಮಲ್ಲಿ ಶೌಚಾಲಯವಿರಲಿಲ್ಲ. ಕತ್ತಲಾದ ಮೇಲೆ ಹೊರಗೆ ಹೋಗಲು ಜೊತೆ ಬೇಕೆಂದು, ಅತ್ತೆಯನ್ನು ಎಬ್ಬಿಸುವುದು ಹೇಗೆಂದು, ಸೊಸೆ ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿದ್ದಳು. ಉರಿಮೂತ್ರವಾಗಿ, ಚಳಿಜ್ವರ ಬಂದ ಮೇಲೆ ಬಾಯಿಬಿಟ್ಟಳು. ಮೂತ್ರದ ಸೋಂಕನ್ನು ಅಲಕ್ಷಿಸಿದರೆ ಅದು ಮೂತ್ರಪಿಂಡಕ್ಕೇರಿ, ದಿನ ತುಂಬುವ ಮೊದಲೇ ಹೆರಿಗೆ ಆಗುವ ಅಪಾಯವಿದೆಯೆಂದು ವೈದ್ಯರು ಎಚ್ಚರಿಸಿದರು. ಕುಬಸದ ಊಟಕ್ಕೆಂದು ತೆಗೆದಿಟ್ಟ ಹಣದಲ್ಲಿ ಅರ್ಧವನ್ನು ನನ್ನ ಮಗ ಶೌಚಾಲಯಕ್ಕೆ ಹಾಕಿದ. ಬೀಗರು ಏನೆಂದುಕೊಂಡಾರೆಂದು ನಾನು ಅವನೊಡನೆ ಜಗಳವಾಡಿದ್ದೂ ಉಂಟು.

ನಡುನೋವಿಗೆ ಮುಖ್ಯ ಕಾರಣ ಮುಂದಕ್ಕೆ ಜಗ್ಗುವ ಭಾರ. ನೆಲದ ಒಲೆಯ ಮುಂದೆ ಬಾಗಿ ಕುಳಿತು ಇಪ್ಪತ್ತು ರೊಟ್ಟಿ ಬಡಿಯುವುದು, ತುಂಬಿದ ಕೊಡವನ್ನು ಟೊಂಕಕ್ಕೇರಿಸುವುದು ಅದನ್ನು ಇಮ್ಮಡಿಸುತ್ತವೆ. ಒಲೆಯನ್ನು ಕಟ್ಟೆಯ ಮೇಲೇರಿಸಿದೆವು. ನೀರು ತರುವ ಕಾಯಕ ಮಗನ ಪಾಲಿಗೆ ಬಂದಿತು. ಓಣಿಯವರು ನಕ್ಕರು, ನಾಲ್ಕು ದಿನಕ್ಕೆ ನಗುವುದನ್ನು ಬಿಟ್ಟರು. ಮಧ್ಯರಾತ್ರಿ ಮೀನಖಂಡ ಹಿಡಿದುಕೊಂಡರೆ ಮೊಣಕಾಲನ್ನು ನೇರವಾಗಿಟ್ಟು ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಬೇಕು, ಕ್ಷಣದಲ್ಲಿ ಬಿಡುತ್ತದೆ. ಏಳನೆಯ ತಿಂಗಳಿಂದ ಅಂಗಾತ ಮಲಗಬಾರದು. ಬೆನ್ನಿನ ಮುಂಬದಿಯ ದೊಡ್ಡ ರಕ್ತನಾಳವನ್ನು ಗರ್ಭ ಅದುಮುತ್ತದೆ. ಮಗ್ಗುಲಾಗಿ, ಆದಷ್ಟು ಎಡಮಗ್ಗುಲಾಗಿ, ಮೊಣಕಾಲುಗಳ ನಡುವೆ ಹಳೆಯ ಕೌದಿಯನ್ನು ಮಡಿಚಿಟ್ಟುಕೊಂಡು ಮಲಗಿದರೆ ನಡುವಿಗೂ ಹಿತ. ಸಂಜೆ ನಾವಿಬ್ಬರೂ ಕೆರೆಯ ಏರಿಯ ಮೇಲೆ ಅಡ್ಡಾಡಿ ಬರುತ್ತಿದ್ದೆವು. ಬೋನಾಳದ ಕೆರೆಗೆ ಚಳಿಗಾಲದಲ್ಲಿ ದೂರದೂರದ ಹಕ್ಕಿಗಳು ಬರುವುದನ್ನು ಬಲ್ಲವರು ಬಲ್ಲರು. ತಾಯಿಯಿಲ್ಲದ ಆ ಹುಡುಗಿ ನನ್ನೊಡನೆ ಮನಬಿಚ್ಚಿ ಮಾತಾಡಿದ್ದು ಆ ಏರಿಯ ಮೇಲೆಯೇ.

ಡಿಸೆಂಬರ್ ಮೊದಲ ವಾರದಲ್ಲಿ, ಧನುರ್ಮಾಸ ಹೊಕ್ಕುವ ಮುನ್ನ, ಏಳನೆಯ ತಿಂಗಳಲ್ಲಿ ಕುಬಸ ಮಾಡಿದೆವು. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ಇಡಿಸಿದೆವು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಬಂದಾಗ ಅವಳ ಪಾದ ಬಾತಿದ್ದವು. ನಡೆದದ್ದಕ್ಕೆಂದೆ. ಕಾಲು ಎತ್ತರಿಸಿಟ್ಟು ಮಲಗಿದರೆ ಬೆಳಗಿಗೆ ಇಳಿಯುವ ಪಾದದ ಬಾವು ಸಾಮಾನ್ಯವಾದದ್ದೇ. ಅದು ಇಳಿಯಲಿಲ್ಲ. ಜನವರಿ 9ರಂದು ಆರೋಗ್ಯ ಕೇಂದ್ರದಲ್ಲಿ ಬಸುರಿಯರ ತಪಾಸಣೆಯಿತ್ತು. ಪ್ರತಿ ತಿಂಗಳ 9ರಂದು ಉಚಿತ ತಪಾಸಣೆ ನಡೆಸುವ ಯೋಜನೆ 2016ರಿಂದಲೇ ಇದೆ. ನಮ್ಮಲ್ಲಿ ತೊಗರಿ ರಾಶಿ ನಡೆದಿತ್ತು. ಮುಂದಿನ ತಿಂಗಳು ಹೋದರಾಯಿತೆಂದು ನಾನೇ ತಪ್ಪಿಸಿದೆ. ಸಂಕ್ರಮಣದ ಹೊತ್ತಿಗೆ ಅವಳ ಮುಂಗೈಯಲ್ಲಿ ಬಳೆಗಳು ಸರಿದಾಡುವುದನ್ನು ನಿಲ್ಲಿಸಿದವು. “ಅತ್ತಿ, ಬಳಿ ಬಿಗಿ ಆಗ್ಯಾವ್ರಿ” ಎಂದಳು. “ಮೈ ತುಂಬ್ಕೊಂಡೀದಿ ತಂಗಿ, ಛಲೋನೇ ಆತು” ಎಂದು ನೆಟಿಕೆ ಮುರಿದು ದೃಷ್ಟಿ ತೆಗೆದೆ.

ಗರ್ಭಸ್ಥ ಶಿಶುವಿಗೆ ಎಂಟನೆಯ ತಿಂಗಳಲ್ಲಿ ಲಿಂಗಸಂಸ್ಕಾರ ಮಾಡಿಸುವುದು ನಮ್ಮ ಪದ್ಧತಿ. ಜನವರಿ 21, ಸೋಮವಾರವೆಂದು ಗೊತ್ತು ಮಾಡಿ ಅಯ್ಯನವರನ್ನು ಬಿನ್ನೈಸಿದ್ದೆವು. ಹಿಂದಿನ ರಾತ್ರಿ ಅವಳು ನಿದ್ರಿಸಲಿಲ್ಲ. “ತಲಿ ಸಿಡ್ಯಾಕತ್ತದ್ರಿ ಅತ್ತಿ, ಕಣ್ಣಾಗ ಮಂಜ ಕಟ್ಟಿದಂಗ ಆಗ್ಯದ” ಎಂದಳು. ಹಣೆಗೆ ಮುಲಾಮು ತಿಕ್ಕಿದೆ. ಬೆಳಗ್ಗೆ ಎದೆಗುಂಡಿಯ ಕೆಳಗೆ ನೋವೆಂದಳು. ಅಜೀರ್ಣವೆಂದು ಓಮಿನ ಕಷಾಯ ಕಾಯಿಸಲು ಎದ್ದೆ. ಆಮಂತ್ರಣಕ್ಕೆ ಬಂದ ಆಶಾ ಕಾರ್ಯಕರ್ತೆ ಅವಳ ಮುಖವನ್ನೂ ಕೈಯನ್ನೂ ನೋಡಿ ಮಾತಾಡದೆ ಸಿಸ್ಟರ್‌ಗೆ ಫೋನು ಮಾಡಿದಳು. ರಕ್ತದೊತ್ತಡ 168/112 ಇತ್ತು. 140/90 ಮುಟ್ಟಿದರೇ ಅಪಾಯದ ಗೆರೆ.

ಅಲ್ಲಿಯೂ ನಾನು ಒಂದು ತಾಸು ಕೇಳಿದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಪೂಜೆಗೆ ಎಲ್ಲವೂ ಸಿದ್ಧವಾಗಿದೆ, ಸಂಸ್ಕಾರ ಮುಗಿಸಿ ಹೊರಡೋಣವೆಂದೆ. ಬಾಗಿಲಲ್ಲಿ ನಿಂತಿದ್ದ ಅಯ್ಯನವರು ಒಳಗೆ ಕಾಲಿಡಲಿಲ್ಲ. “ಮೊದಲ ದವಾಖಾನಿಗಿ ಒಯ್ರಿ ತಾಯಿ. ಲಿಂಗ ಎಲ್ಲಿಗೂ ಹೋಗಂಗಿಲ್ಲ. ಕೂಸು ಬಂದ ಮ್ಯಾಲ ಕೂಸಿಗೇ ಕಟ್ಟೋಣಂತ” ಎಂದರು. 108ರ ವಾಹನದಲ್ಲಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿ ಫಿಟ್ಸ್ ಬಾರದಂತೆ ಮೆಗ್ನೀಷಿಯಂ ಇಂಜೆಕ್ಷನ್ ಕೊಟ್ಟು ಕಲಬುರಗಿಗೆ ಕಳುಹಿದರು. ಆಸ್ಪತ್ರೆಯ ಮೊಗಸಾಲೆಯ ಟಿ.ವಿ.ಯಲ್ಲಿ ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದ ಸುದ್ದಿ ಬರುತ್ತಿತ್ತು. ಜನರು ಅಳುತ್ತಿದ್ದರು. ನಾನೂ ಅಳುತ್ತಿದ್ದೆ, ಯಾವುದಕ್ಕೆಂದು ನನಗೇ ತಿಳಿಯದಂತೆ.

ಕೂಸಿನ ಶ್ವಾಸಕೋಶ ಬಲಿಯಲೆಂದು ಎರಡು ದಿನ ಇಂಜೆಕ್ಷನ್ ಕೊಟ್ಟು, ಒತ್ತಡವನ್ನು ಹಿಡಿತದಲ್ಲಿಟ್ಟು, ಬುಧವಾರ ಶಸ್ತ್ರಕ್ರಿಯೆ ಮಾಡಿದರು. ಹೆಣ್ಣು ಕೂಸು, 1 ಕಿಲೋ 700 ಗ್ರಾಂ. ತಾಯಿಯ ಎದೆಗೆ ಬರಿಮೈಯಲ್ಲಿ ಕಟ್ಟಿ ಬೆಚ್ಚಗಿಡುವುದನ್ನು ಅಲ್ಲಿ ಕಲಿಸಿದರು. ಸೊಸೆ ದಣಿದಾಗ ನನ್ನ ಎದೆಗೂ ಕಟ್ಟಿದರು. ಬಳೆಗಳನ್ನು ಒಳಗೆ ಕರೆದೊಯ್ಯುವ ಮುನ್ನವೇ ದಾದಿಯರು ಒಡೆದು ತೆಗೆದಿದ್ದರು. ಮುಂಗೈಯ ಮೇಲೆ ಅವುಗಳ ಅಚ್ಚು ಎರಡು ದಿನ ಹಾಗೆಯೇ ಇತ್ತು.

ಹಿಂದಿನ ಸೂಲಗಿತ್ತಿಯರು ಅಜ್ಞಾನಿಗಳೆಂದು ನಾನು ಹೇಳಲಾರೆ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಸುಮ್ಮನೆಯೇ? ಆದರೆ ಒತ್ತಡವು ಕೈಗೂ ಕಣ್ಣಿಗೂ ತಿಳಿಯದ ರೋಗ, ಯಂತ್ರಕ್ಕೇ ತಿಳಿಯಬೇಕು. ಮುಖ ಹಾಗೂ ಕೈಗಳ ಬಾವು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದ ನೋವು, ರಕ್ತ ಅಥವಾ ನೀರು ಹೋಗುವುದು, ಕೂಸಿನ ಅಲುಗಾಟ ಕಡಿಮೆಯಾಗುವುದು, ಅಂಗೈ ಅಂಗಾಲುಗಳ ವಿಪರೀತ ತುರಿಕೆ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಒಮ್ಮೆ ಹೀಗಾದವರಿಗೆ ಮುಂದಿನ ಬಸುರಿನಲ್ಲಿಯೂ ಆಗಬಹುದು. ಮೊದಲ ತಿಂಗಳುಗಳಲ್ಲಿಯೇ ವೈದ್ಯರಿಗೆ ತಿಳಿಸಿದರೆ ತಡೆಯಲು ಸಣ್ಣ ಪ್ರಮಾಣದ ಆಸ್ಪಿರಿನ್ ಗುಳಿಗೆ ಕೊಡುತ್ತಾರೆ. ಸ್ವಂತವಾಗಿ ತೆಗೆದುಕೊಳ್ಳತಕ್ಕದ್ದಲ್ಲ.

ಮೊಮ್ಮಗಳ ಲಿಂಗಧಾರಣೆ ಎರಡನೆಯ ತಿಂಗಳಲ್ಲಿ, ಕೂಸು ಎರಡೂವರೆ ಕಿಲೋ ತೂಗಿದ ಮೇಲೆ, ಅದೇ ಅಯ್ಯನವರ ಕೈಯಿಂದ ಆಯಿತು. ಈಗ ಅವಳು ಶಾಲೆಗೆ ಹೋಗುತ್ತಾಳೆ. ಕೆರೆಯ ಏರಿಗೆ ನನ್ನನ್ನು ಅವಳೇ ಎಳೆದೊಯ್ಯುತ್ತಾಳೆ. ಓಣಿಯಲ್ಲಿ ಯಾರ ಮನೆಗಾದರೂ ಮಗಳು ಬಾಣಂತನಕ್ಕೆ ಬಂದರೆ ನಾನು ಹೋಗಿ ಮಾತಾಡಿಸುತ್ತೇನೆ. ಉಡಿಯಲ್ಲಿ ಏನು ತಂದಳು, ಬೀಗರು ಏನು ಕೊಟ್ಟರು ಎಂಬುದನ್ನು ಉಳಿದವರು ಕೇಳುತ್ತಿರುತ್ತಾರೆ. ನಾನು ಅವಳ ಕೈಯನ್ನು ಹಿಡಿದು, ಬಳೆಗಳನ್ನು ಮೊಣಕೈಯ ಕಡೆಗೊಮ್ಮೆ ಸರಿಸಿ ನೋಡುತ್ತೇನೆ.